ಹೆಜ್ಜೆಯ ವಾಸನೆ ಹಿಡಿದು

ಒಬ್ಬ ಮನುಷ್ಯ ಮುಂದೆ ಓಡುತ್ತಾನೆ, ಅವನ ಮೈವಾಸನೆ ಹಿಡಿದು ನಾಯಿಗಳು ಹಿಂದೆ ಹೊರಡುತ್ತವೆ. ಬ್ಲಡ್‌ಹೌಂಡ್ ತಳಿಯ ಹಿಂಡನ್ನು ಬಿಟ್ಟು, ಕುದುರೆಯ ಮೇಲೆ ಹಿಂಬಾಲಿಸುವ ಈ ಬೇಟೆ ಇಂಗ್ಲೆಂಡಿನದು. ಓಟಗಾರ ಸಾಕಷ್ಟು ಮುಂಚೆಯೇ ಹೊರಟಿರುತ್ತಾನೆ. ಅವನ ಬೂಟಿಗೆ ಬೇರೆ ಯಾವ ವಾಸನೆಯನ್ನೂ ಬಳಿದಿರುವುದಿಲ್ಲ. ಕೊನೆಗೆ ಸಿಕ್ಕವನನ್ನು ನಾಯಿಗಳು ಮುತ್ತಿಕೊಂಡು ನೆಕ್ಕುತ್ತವೆ, ಯಾವ ಪ್ರಾಣಿಯೂ ಸಾಯುವುದಿಲ್ಲ. 1888ರಲ್ಲಿ ಲಂಡನ್ ಪೊಲೀಸ್ ಕಮಿಷನರ್ ಚಾರ್ಲ್ಸ್ ವಾರನ್, ಸರಣಿ ಕೊಲೆಗಾರನ ಪತ್ತೆಗೆ ಇಂಥ ನಾಯಿಗಳು ಒದಗುತ್ತವೆಯೇ ಎಂದು ನೋಡಲು ಹೈಡ್ ಪಾರ್ಕಿನಲ್ಲಿ ತಾವೇ ಬೇಟೆಯಾಗಿ ಓಡಿದ್ದರು.

ಕರ್ನಾಟಕದಲ್ಲಿ ಇದೇ ವಿದ್ಯೆ ಪೊಲೀಸ್ ಶ್ವಾನದಳದ ಕಸುಬು. ಬೆಂಗಳೂರಿನ ಆಡುಗೋಡಿಯಲ್ಲಿ ಶ್ವಾನದಳದ ತರಬೇತಿ ಕೇಂದ್ರವಿದೆ. ಜಾಡು ಹಿಡಿಯುವ ಪಾಠ ಶುರುವಾಗುವುದೂ ಓಟಗಾರನಿಂದಲೇ. ಪರಿಚಿತನೊಬ್ಬ ಸ್ವಲ್ಪ ದೂರ ಹೋಗಿ ಅವಿತುಕೊಳ್ಳುತ್ತಾನೆ, ನಾಯಿ ಹುಡುಕಿದರೆ ಮೆಚ್ಚುಗೆಯೋ ತಿಂಡಿಯೋ ಸಿಗುತ್ತದೆ. ದಿನ ಕಳೆದಂತೆ ದೂರ ಹೆಚ್ಚುತ್ತದೆ, ತಿರುವುಗಳು ಸೇರುತ್ತವೆ, ಜಾಡು ಹಳತಾಗುತ್ತದೆ, ಅವಿತವನು ಅಪರಿಚಿತನಾಗುತ್ತಾನೆ.

ನಾಯಿ ಮೂಸುವುದು ಒಂದೇ ವಾಸನೆಯನ್ನಲ್ಲ. ಮನುಷ್ಯನ ಚರ್ಮದಿಂದ ಕಣ್ಣಿಗೆ ಕಾಣದ ಹೊಟ್ಟು ಸದಾ ಉದುರುತ್ತಿರುತ್ತದೆ. ಬೆವರು ಹತ್ತಿದ ಆ ಹೊಟ್ಟನ್ನು ಸೂಕ್ಷ್ಮಜೀವಿಗಳು ಕೊಳೆಯಿಸುವಾಗ ಆಯಾ ವ್ಯಕ್ತಿಯದೇ ಆದ ವಾಸನೆ ಏಳುತ್ತದೆ. ಇದರ ಜೊತೆಗೆ ಕಾಲಡಿ ನಲುಗಿದ ಹುಲ್ಲು, ಕೆದರಿದ ಮಣ್ಣು ಕೂಡ ತಮ್ಮ ವಾಸನೆ ಬಿಡುತ್ತವೆ. ಆದರೆ ಓಡಿದವನು ಯಾವ ಕಡೆಗೆ ಹೋದ ಎಂಬುದು ನಾಯಿಗೆ ತಿಳಿಯುವುದು ಹೇಗೆ? 1993ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನವೊಂದರಲ್ಲಿ ಜರ್ಮನ್ ಶೆಫರ್ಡ್‌ಗಳು ಹುಲ್ಲಿನ ಮೇಲಿನ 20 ನಿಮಿಷ ಹಳೆಯ ಜಾಡನ್ನು ಅಡ್ಡಲಾಗಿ ಸಂಧಿಸಿ, ಎರಡರಿಂದ ಐದು ಹೆಜ್ಜೆ ಮೂಸುವಷ್ಟರಲ್ಲಿ ದಿಕ್ಕು ಗುರುತಿಸಿದವು. ಹಿಂದಿನ ಹೆಜ್ಜೆಗೂ ಮುಂದಿನ ಹೆಜ್ಜೆಗೂ ನಡುವೆ ಒಂದು ಸೆಕೆಂಡಿನ ಅಂತರವೂ ಇರುವುದಿಲ್ಲ. ಅಷ್ಟರಲ್ಲೇ ವಾಸನೆಯಲ್ಲಾದ ವ್ಯತ್ಯಾಸ ಆ ಮೂಗಿಗೆ ಸಾಕು. ಪ್ರಾಣಿಲೋಕದ ಕೌಶಲಗಳಲ್ಲಿ ಇದಕ್ಕಿಂತ ಬೆರಗಿನದು ವಿರಳ.

ಮೂಗು ಎಷ್ಟೇ ಚುರುಕಾಗಿದ್ದರೂ ಅರ್ಧ ಕೆಲಸ ನೆಲದ್ದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲಿ ಒಂದೇ ಜಾಡು ಹಲವು ಬಗೆಯ ನೆಲ ದಾಟಬೇಕಾಗುತ್ತದೆ. ತೋಟದೊಳಗೆ ನೆರಳಿದೆ, ನೀರುಣಿಸಿದ ಪಾತಿಗಳಲ್ಲಿ ತೇವವಿದೆ, ಸಾಲು ಮರಗಳು ಗಾಳಿಯನ್ನು ತಡೆಯುತ್ತವೆ. ವಾಸನೆ ಅಲ್ಲಿ ನೆಲಕ್ಕಂಟಿ ಹೆಚ್ಚು ಹೊತ್ತು ನಿಲ್ಲುತ್ತದೆ. ಬಿದ್ದ ಗರಿ, ಮಟ್ಟೆಯ ರಾಶಿಯ ಸಂದಿಯಲ್ಲೂ ಉಳಿದುಕೊಳ್ಳುತ್ತದೆ. ಬೇಲಿ ದಾಟಿ ರಾಗಿ ಕೊಯ್ದ ಹೊಲಕ್ಕೆ ಬಿದ್ದರೆ ಕತೆಯೇ ಬೇರೆ. ಮಧ್ಯಾಹ್ನದ ಬಿಸಿಲಿಗೆ ಕಾದ ಕೆಂಪು ನೆಲ ವಾಸನೆಯನ್ನು ಮೇಲೆಬ್ಬಿಸಿ ಚೆದರಿಸುತ್ತದೆ. ಕೆರೆ ಏರಿಯ ಮೇಲೆ ಗಾಳಿಗೆ ತಡೆಯಿಲ್ಲ, ಅಲ್ಲಿ ನಾಯಿ ಹೆಜ್ಜೆ ಬಿಟ್ಟು ಏರಿಯ ಇಳಿಜಾರಿನಲ್ಲಿ ಮೂಸುತ್ತಾ ಸಾಗಬಹುದು. ಹೆದ್ದಾರಿಯ ಡಾಂಬರು ಎಲ್ಲಕ್ಕಿಂತ ಕಷ್ಟ. ಓಡಿದವನು ಅಲ್ಲಿ ಬೈಕು ಹತ್ತಿದ್ದರೆ ಜಾಡು ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಹೀಗಾಗಿ ನಸುಕಿನಲ್ಲಿ, ಇಬ್ಬನಿ ಆರುವ ಮೊದಲು ಹೊರಡುವುದೇ ಮೇಲು.

ಬಿಸಿಲಿಗಿಂತ ದೊಡ್ಡ ಅಡ್ಡಿ ಜನಜಂಗುಳಿ. ಅಟ್ಟದ ಕೊಬ್ಬರಿ ಕಳುವಾಯಿತೆಂದರೆ ಊರಿಗೆ ಊರೇ ಬಂದು ಇಣುಕುತ್ತದೆ. ಕಳ್ಳ ಮುಟ್ಟಿದ ಚೀಲ, ಏಣಿ ಹತ್ತು ಕೈ ದಾಟುತ್ತವೆ, ಅವನ ಹೆಜ್ಜೆಯ ಮೇಲೆ ನೂರು ಹೆಜ್ಜೆ ಬೀಳುತ್ತವೆ. ನಾಯಿಗೆ ಮೂಸಲು ಬೇಕಾದದ್ದು ಯಾರೂ ಮುಟ್ಟದ ಒಂದೇ ವಸ್ತು. ಅದು ಸಿಕ್ಕರೆ ಮುಂದಿನದು ಹ್ಯಾಂಡ್ಲರ್‌ನ ತಾಳ್ಮೆಗೆ ಬಿಟ್ಟದ್ದು. ಉದ್ದನೆಯ ಹಗ್ಗ ಹಿಡಿದು ಹಿಂದೆ ನಡೆಯುವ ಆತ ನಾಯಿಯನ್ನು ಎಳೆಯಬಾರದು, ತನಗೆ ಗುಮಾನಿಯಿರುವ ಮನೆಯತ್ತ ತಿರುಗಿಸಲಂತೂ ಕೂಡದು.

ಈ ವಿದ್ಯೆಯ ಅಳವು ರಾಜ್ಯಕ್ಕೆಲ್ಲ ತಿಳಿದದ್ದು ದಾವಣಗೆರೆ ಜಿಲ್ಲಾ ಪೊಲೀಸರ ಡಾಬರ್ಮನ್ ತುಂಗಾಳಿಂದ. 2020ರ ಜುಲೈನಲ್ಲಿ ಚನ್ನಗಿರಿ ತಾಲ್ಲೂಕಿನ ಕೊಲೆ ಪ್ರಕರಣವೊಂದರಲ್ಲಿ ಅವಳು ಹತ್ತು ಕಿಲೋಮೀಟರಿಗೂ ಹೆಚ್ಚು ದೂರ ಓಡಿ ಕಾಶಿಪುರ ತಾಂಡಾದ ಮನೆಯೊಂದರ ಬಳಿ ನಿಂತಳು. ಅಲ್ಲಿಂದ ಪೊಲೀಸರಿಗೆ ಆರೋಪಿಯ ಸುಳಿವು ಸಿಕ್ಕಿತು. 2024ರ ಜುಲೈನಲ್ಲಿ ಅದೇ ಜಿಲ್ಲೆಯ ಮತ್ತೊಂದು ನಾಯಿ, ತುಂಗಾ 2, ಮಳೆಯಲ್ಲೇ ಸುಮಾರು 8 ಕಿಲೋಮೀಟರ್ ಜಾಡು ಹಿಡಿದು ಹೋಯಿತು. ಅದು ತಲುಪಿದ ಮನೆಯಲ್ಲಿ ಹಲ್ಲೆಗೆ ಸಿಕ್ಕಿದ್ದ ಮಹಿಳೆಯ ಜೀವ ಉಳಿಯಿತು.

ಆದರೂ ನಾಯಿ ನಿಂತ ಮಾತ್ರಕ್ಕೆ ಆ ಮನೆಯವನು ಅಪರಾಧಿಯಾಗುವುದಿಲ್ಲ. ನಾಯಿಯನ್ನು ಪಾಟೀಸವಾಲಿಗೆ ಒಳಪಡಿಸಲಾಗದು, ಅದರ ಪರವಾಗಿ ಹ್ಯಾಂಡ್ಲರ್ ಹೇಳಬೇಕು. ಮನುಷ್ಯನ ಸ್ವಾತಂತ್ರ್ಯ ಪ್ರಾಣಿಯ ತೀರ್ಮಾನವನ್ನು ನೆಚ್ಚಿಕೊಳ್ಳಬಾರದು. ಇಂಥ ಆಕ್ಷೇಪಗಳನ್ನು ಸುಪ್ರೀಂ ಕೋರ್ಟ್ 1969ರಲ್ಲೇ ಪರಿಶೀಲಿಸಿ, ಶ್ವಾನದಳದ ಸಾಕ್ಷ್ಯಕ್ಕೆ ಹೆಚ್ಚಿನ ತೂಕ ಕೊಡಲಿಲ್ಲ. ಸರಿಯಾದ ನಿಲುವು ಅದು. ತನಿಖಾಧಿಕಾರಿಗೆ ನಾಯಿ ಕೊಡುವುದು ದಿಕ್ಕನ್ನು. ಆ ದಿಕ್ಕಿನಲ್ಲಿ ಹೋಗಿ ಕದ್ದ ಮಾಲು, ಬೆರಳಚ್ಚು, ರಕ್ತದ ಕಲೆ ಹುಡುಕಿ ನ್ಯಾಯಾಲಯದ ಮುಂದಿಡುವ ಹೊಣೆ ಅಧಿಕಾರಿಯದೇ.