ಹದಿನೈದು ಮಂದಿ ಅತಿಥಿಗಳು, ಒಂದು ಕಿಲೋ ಗೋಧಿಹಿಟ್ಟು

ದಿನವಿಡೀ ಪರರ ಮೇಜಿಗೆ ಬಗೆಬಗೆಯ ತಿಂಡಿಗಳನ್ನು ಹೊತ್ತು ತಿರುಗುವವನ ಮನೆಗೆ ನಾಲ್ಕು ಮಂದಿ ಅತಿಥಿಗಳು ಬರುವರೆಂದರೆ ಅವನ ಕೈ ಕಟ್ಟಿಹೋಗುತ್ತದೆ. ಇದು ನಮ್ಮ ಹೋಟೆಲು ಬಂಧುಗಳಲ್ಲಿ ಅನೇಕರ ಅನುಭವ. ತಿಂಗಳ ಕೊನೆಯ ವಾರದಲ್ಲಿ ಗುಮಾಸ್ತರ ಪಾಡೂ ಬೇರೆಯಲ್ಲ. ಕಳೆದ ಮಳೆಗಾಲದಲ್ಲಿ ಕಿರಿಯ ಮಗಳ ಹುಟ್ಟುಹಬ್ಬದಂದು ನಮಗೂ ಅದೇ ಸಂಕಟ ಒದಗಿತು. ಚಾಳಿನ ಹದಿನೈದು ಮಂದಿಯನ್ನು ಕರೆದುದಾಗಿತ್ತು. ಬೇಕರಿಗೆ ತೆರಬೇಕಾದ ಹಣ ಕೈಯಲ್ಲಿರಲಿಲ್ಲ. ಡಬ್ಬಿಯಲ್ಲಿದ್ದುದು ಒಂದು ಕಿಲೋ ಗೋಧಿಹಿಟ್ಟು. "ಬಂದವರಿಗೆ ಚಪಾತಿ ಕೊಟ್ಟು ಕಳುಹಿಸುವುದೇ?" ಎಂದು ನಮ್ಮ ಗೃಹಿಣಿ ಮುಖ ಸಣ್ಣದು ಮಾಡಿಕೊಂಡಳು.

ದಾರಿ ತೋರಿಸಿದವರು ನೆರೆಮನೆಯ ಗುಜರಾತಿ ಅಜ್ಜಿ. ಅವರ ಖಾಖರಾ ಎಂಬುದು ಬೇರೇನೂ ಅಲ್ಲ, ಹುಳಿ ಬರಿಸದ ನಮ್ಮ ಚಪಾತಿಯೇ. ಹಿಟ್ಟಿಗೆ ಉಪ್ಪು, ಓಮ, ಸ್ವಲ್ಪ ಎಣ್ಣೆ ಬೆರೆಸಿ ಗಟ್ಟಿಯಾಗಿ ನಾದಿ, ಕಾಗದದಷ್ಟು ತೆಳ್ಳಗೆ ಲಟ್ಟಿಸಿ, ಕಾವಲಿಯ ಮೇಲೆ ಎರಡು ಬದಿಯೂ ಅರೆಬೇಯಿಸಬೇಕು. ಆಮೇಲೆ ಉರಿಯನ್ನು ತಗ್ಗಿಸಿ, ಬಟ್ಟೆಯ ಉಂಡೆಯಿಂದ ಒತ್ತುತ್ತ, ತಿರುವುತ್ತ, ಒಳಗಿನ ನೀರಿನಂಶವೆಲ್ಲ ಹೋಗುವವರೆಗೆ ಸುಡಬೇಕು. ಅವಸರದವರಿಗೆ ಇದು ಒಲಿಯುವ ವಿದ್ಯೆಯಲ್ಲ. ನಾವು ಅರೆಬೆಂದ ಚಪಾತಿಯನ್ನು ಲೋಟದ ಬಾಯಿಂದ ಕತ್ತರಿಸಿ, ಬಿಸ್ಕತ್ತಿನಂತಹ ಬಿಲ್ಲೆಗಳನ್ನು ಮಾಡಿ ಒತ್ತಿ ಸುಟ್ಟೆವು.

ಆದರೆ ತಪ್ಪೊಂದು ನಮ್ಮಿಂದಲೇ ಆಯಿತು. ಮೊದಲ ಸಾಲಿನ ಬಿಲ್ಲೆಗಳನ್ನು ಬಿಸಿಯಿರುವಾಗಲೇ ಡಬ್ಬಿಗೆ ತುಂಬಿ ಮುಚ್ಚಳ ಹಾಕಿದೆವು. ಅರ್ಧ ತಾಸಿನಲ್ಲಿ ತೆಗೆದು ನೋಡಿದರೆ ಎಲ್ಲವೂ ತೊಯ್ದ ಅಂಚೆ ಕಾರ್ಡಿನಂತೆ ಬಳುಕುತ್ತಿದ್ದುವು! ಹೊರಹೋಗದ ಆವಿ ಅವುಗಳಲ್ಲೇ ಇಳಿದಿತ್ತು. ಅತಿಥಿಗಳು ಬರಲು ಎರಡು ತಾಸು ಮಾತ್ರ ಉಳಿದಿತ್ತು. ಪುನಃ ಕಾವಲಿಗೆ ಹಾಕಿ ಸಣ್ಣ ಉರಿಯಲ್ಲಿ ಒಣಗಿಸಿ, ಈ ಸಲ ಬಟ್ಟೆಯ ಮೇಲೆ ಹರಡಿ ಆರಿಸಿದೆವು. ಗರಿಗರಿ ಮರಳಿ ಬಂದಿತು. ನಮ್ಮ ಜೀವವೂ ಬಂದಿತು.

ಬಿಲ್ಲೆಯ ಮೇಲೆ ಹೆಸರುಬೇಳೆ ಕೋಸಂಬರಿ. ಕೋಸಂಬರಿಗೆ ಉಪ್ಪನ್ನು ಬಡಿಸುವ ಗಳಿಗೆಯಲ್ಲಿಯೇ ಹಾಕತಕ್ಕದ್ದು. ಮುಂಚೆ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಬಿಲ್ಲೆ ಮೆತ್ತಗಾಗುವುದು. ಕೆಲವಕ್ಕೆ ಶೇಂಗಾ ಚಟ್ನಿಪುಡಿಯನ್ನು ಗಟ್ಟಿ ಮೊಸರಿನಲ್ಲಿ ಕಲಸಿ ಸವರಿದೆವು. ಪಲ್ಯವಿಟ್ಟು ಸುರುಳಿ ಸುತ್ತುವುದೂ ಉಂಟು. ಮುಂಬಯಿಯಲ್ಲಿ ೧೯೬೯ರಿಂದ ಮಾರಾಟವಾಗುತ್ತಿರುವ ಫ್ರ್ಯಾಂಕಿ ಅದೇ ಜಾತಿಯದು. ಆದರೆ ಮಕ್ಕಳ ಹೊಸ ಅಂಗಿಗೆ ಅದು ಶತ್ರುವೆಂದು ನಾವು ಕೈಬಿಟ್ಟೆವು.

ಜೋಳದ ಹಿಟ್ಟಿನಲ್ಲಿ ಈ ಕತ್ತರಿಕೆ ಸಾಗದು. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲವಾದ್ದರಿಂದಲೇ ನಮ್ಮ ತಾಯಂದಿರು ಕುದಿನೀರು ಹಾಕಿ ನಾದಿ ಬಡಿಯುವರು. ಊರಿನಿಂದ ಕಟಕು ರೊಟ್ಟಿ ಬಂದಿದ್ದರೆ ಕೈಯಿಂದ ಮುರಿದು ಚಟ್ನಿಯೊಡನೆ ಇಟ್ಟರೆ ಸಾಕು.

ಲೋಟ ಒತ್ತಿದ ಮೇಲೆ ಉಳಿದ ಅಂಚುಗಳನ್ನು ಪುನಃ ನಾದಲಾಗದು, ಅವು ಅರೆಬೆಂದುವು. ಎಸೆಯಲು ಮನಸ್ಸಾಗದೆ ಅವನ್ನೂ ಗರಿಯಾಗಿ ಹುರಿದು ಕುಟ್ಟಿದೆವು. ಬೆಲ್ಲ, ತುಪ್ಪ, ಒಣಕೊಬ್ಬರಿ, ಹುರಿಗಡಲೆ, ಏಲಕ್ಕಿ ಬೆರೆಸಿ ಉಂಡೆ ಕಟ್ಟಿದೆವು. ಉತ್ತರ ಕರ್ನಾಟಕದವರಿಗೆ ಇದು ಮಾದಲಿಯ ತಂಗಿಯೆಂದು ತಿನ್ನುವಾಗಲೇ ತಿಳಿಯುವುದು; ಮರಾಠಿ ಮನೆಗಳಲ್ಲಿಯೂ ಪೋಳಿಯ ಲಾಡು ಉಂಟು.

ಬಿಲ್ಲೆಗಳಲ್ಲಿ ಒಂದೂ ಉಳಿಯಲಿಲ್ಲ. ಉಳಿದ ಆರು ಉಂಡೆಗಳನ್ನು ಮರುದಿನ ಮುಂಜಾನೆ ನಾವು ಕೆಲಸಕ್ಕೆ ಹೊರಟಾಗ ಗೃಹಿಣಿ ನಗುತ್ತ ನಮ್ಮ ಡಬ್ಬಿಗೆ ಹಾಕಿಕೊಟ್ಟಳು.