ಡಾಂಬರ್ ಬಿಟ್ಟು ಗರಸಿನ ಹಾದಿ: ವಿಜಯಪುರ, ತಿಕೋಟಾ, ಬಬಲೇಶ್ವರದಾಗ ಸೈಕಲ್ ಎಲ್ಲಿ ಹೊಡೀಬಹುದು? ಯಾವಾಗ ಹೊಡೀಬಾರದು?

ವಿಜಯಪುರ: ಸೈಕ್ಲಿಂಗ್ ಅಂದ್ರೆ ವಿಜಯಪುರ, ಬಾಗಲಕೋಟೆ ಅನ್ನೋ ಮಾತು ರಾಜ್ಯದಲ್ಲಿ ಹೊಸದಲ್ಲ. ನಗರದಲ್ಲಿ ಸೈಕ್ಲಿಂಗ್ ಕ್ರೀಡಾ ನಿಲಯ ಇದೆ. ಹಳ್ಳಿ ಹುಡುಗರು, ಹುಡುಗಿಯರು ಇಲ್ಲಿಂದಲೇ ರಾಷ್ಟ್ರ ಮಟ್ಟಕ್ಕೆ ಹೋಗಿ ಪದಕ ತಂದಿದ್ದಾರೆ. ಆದರೆ ಅಭ್ಯಾಸ ಮಾಡೋದು ಎಲ್ಲಿ? ಭೂತನಾಳ ಹತ್ತಿರದ ವೆಲೋಡ್ರೋಮ್ ಕೆಲಸ ವರ್ಷಗಟ್ಟಲೆ ಕುಂಟುತ್ತ ಬಂದಿದ್ದು ಎಲ್ಲರಿಗೂ ಗೊತ್ತು. ಹಿಂಗಾಗಿ ಮಕ್ಕಳು ನಸುಕಿನಲ್ಲಿ ಹೆದ್ದಾರಿಗೇ ಇಳಿಯುತ್ತಾರೆ. ಸೊಲ್ಲಾಪುರ, ಹುಬ್ಬಳ್ಳಿ ಕಡೆಯ 52, ಹೊಸಪೇಟೆ ಕಡೆಯ 50, ಈ ಎರಡೂ ರಾಷ್ಟ್ರೀಯ ಹೆದ್ದಾರಿಗಳಲ್ಲಿ ರಾತ್ರಿಯಿಡೀ ಓಡಿ ಬಂದ ಲಾರಿಗಳು ಅದೇ ಹೊತ್ತಿಗೆ ನಗರ ದಾಟುತ್ತವೆ. ಡ್ರೈವರ್ ಕಣ್ಣಿಗೆ ನಿದ್ದೆ, ಸೈಕಲ್ಲಿಗೆ ಹಿಂದಿನ ದೀಪ ಇಲ್ಲ. ಅಪಾಯ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ಈಗ ಬೇರೆ ದೇಶಗಳಲ್ಲಿ ಜೋರಾಗಿರುವ 'ಗ್ರಾವೆಲ್ ಬೈಕಿಂಗ್' ನಮ್ಮ ಕಡೆಗೂ ಹೊಂದುತ್ತದೆ. ಹೆಸರು ಹೊಸದು, ಹಾದಿ ಮಾತ್ರ ನಮ್ಮ ಅಜ್ಜಂದಿರು ಓಡಾಡಿದ್ದೇ.

ಏನಿದು ಗ್ರಾವೆಲ್ ಬೈಕ್?

ಗ್ರಾವೆಲ್ ಅಂದ್ರೆ ನಮ್ಮ ಮಾತಿನಲ್ಲಿ ಗರಸು. ಡಾಂಬರ್ ಇಲ್ಲದ ಗರಸಿನ ರಸ್ತೆ, ಬಂಡಿ ದಾರಿ, ಕೆರೆ ಒಡ್ಡು, ನದಿ ದಂಡೆ, ಗಿಡಗಂಟಿ ನಡುವಿನ ಹಾದಿ, ಇವುಗಳ ಮೇಲೆ ದೂರ ಹೋಗುವ ಸೈಕ್ಲಿಂಗ್ ಇದು. ಅಮೆರಿಕದ ಕ್ಯಾನ್ಸಸ್ ರಾಜ್ಯದ ಎಂಪೋರಿಯಾ ಊರಿನಲ್ಲಿ 2006ರಲ್ಲಿ ಶುರುವಾದ 200 ಮೈಲಿ ರೇಸ್ ಇದಕ್ಕೆ ದೊಡ್ಡ ಹೆಸರು ತಂದಿತು. ಅದೂ ಹೊಲ, ಹುಲ್ಲುಗಾವಲು ನಡುವಿನ ಸಣ್ಣ ಊರೇ. 2022ರಲ್ಲಿ ಇಟಲಿಯಲ್ಲಿ ಮೊದಲ ಗ್ರಾವೆಲ್ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು.

ಗ್ರಾವೆಲ್ ಬೈಕಿನ ಹ್ಯಾಂಡಲ್ ರೇಸ್ ಸೈಕಲ್ಲಿನಂತೆ ಬಾಗಿರುತ್ತದೆ. ಟೈರ್ ಮಾತ್ರ ಅಗಲ, ಸಾಮಾನ್ಯವಾಗಿ 35ರಿಂದ 50 ಮಿ.ಮೀ. ಹವಾ ಕಮ್ಮಿ ಇರುತ್ತದೆ. ರೇಸ್ ಸೈಕಲ್ಲಿಗೆ 80-100 ಪಿಎಸ್‌ಐ ಹವಾ ಹಾಕುವವರು ಇದಕ್ಕೆ 30-40 ಹಾಕುತ್ತಾರೆ. ಟೈರ್ ಗಟ್ಟಿ ಇದ್ದಷ್ಟೂ ಕಲ್ಲಿನ ಮೇಲೆ ಪುಟಿಯುತ್ತದೆ. ಮೆತ್ತಗಿದ್ದರೆ ಕಲ್ಲನ್ನು ಅಪ್ಪಿಕೊಂಡು ಹೋಗುತ್ತದೆ, ರಟ್ಟೆ, ಬೆನ್ನು ನೋಯೋದಿಲ್ಲ.

ಇದಕ್ಕಂತಲೇ ದುಬಾರಿ ಸೈಕಲ್ ಬೇಕೇ ಬೇಕು ಅಂತಿಲ್ಲ. ಹಾಲಿನ ಕ್ಯಾನ್ ಕಟ್ಟಿಕೊಂಡು ಹೊಲದ ಹಾದಿಯಲ್ಲಿ ಓಡಿದ ಹೀರೋ, ಅಟ್ಲಾಸ್ ಸೈಕಲ್ಲುಗಳು ಈ ಕೆಲಸವನ್ನು ಎಷ್ಟೋ ವರ್ಷ ಮಾಡಿವೆ. ಅಗಲ ಟೈರಿನ ಸಾದಾ ಸೈಕಲ್, ಬ್ರೇಕ್ ಸರಿಯಾಗಿದ್ದರೆ ಶುರು ಮಾಡಲು ಸಾಕು.

ಎಲ್ಲೆಲ್ಲಿ ಹೋಗಬಹುದು?

ತೊರವಿ ಕಡೆ: ಹೊಸಬರಿಗೆ ಇದು ಒಳ್ಳೆಯದು. ಜಲನಗರದಿಂದಾಗಲಿ, ನಗರದ ಬೇರೆ ಕಡೆಯಿಂದಾಗಲಿ ಹೊರಟು ತಾಸಿನೊಳಗೆ ತೊರವಿ ಮುಟ್ಟಬಹುದು. ಎರಡನೇ ಇಬ್ರಾಹಿಂ ಆದಿಲ್‌ಶಾಹಿ 1599ರಲ್ಲಿ ಕಟ್ಟಿಸಲು ಶುರು ಮಾಡಿದ ನವರಸಪುರದ ಅವಶೇಷ, ಸಂಗೀತ ಮಹಲ್, ನರಸಿಂಹ ದೇವರ ಗುಡಿ ಎಲ್ಲಾ ಇಲ್ಲೇ. ಆಗ ನಗರಕ್ಕೆ ಕುಡಿಯುವ ನೀರು ಬರುತ್ತಿದ್ದದ್ದು ತೊರವಿಯಿಂದ ನೆಲದೊಳಗಿನ ಸುರಂಗದಲ್ಲಿ. ಮುಂದೆ ತಿಕೋಟಾ ಕಡೆ ಹೋದರೆ ಎರಡೂ ಬದಿ ದ್ರಾಕ್ಷಿ ಪಡ, ಒಣದ್ರಾಕ್ಷಿ ಶೆಡ್ಡು. ಇಲ್ಲಿ ಎತ್ತರದ ಜಾಗ ಬಹಳ ಮಟ್ಟಿಗೆ ಗರಸು ನೆಲ. ಮಳೆ ನಿಂತ ಮೇಲೆ ಬೇಗ ಒಣಗುತ್ತದೆ.

ಭೂತನಾಳ, ಕರಾಡದೊಡ್ಡಿ: ಕಾಡಿನ ಹಾದಿ ಬೇಕು ಅನ್ನೋರಿಗೆ ಇದು. ಒಂದು ಕಾಲಕ್ಕೆ ಬೋಳು ಗುಡ್ಡವಾಗಿದ್ದ ಜಾಗದಲ್ಲಿ ಗಿಡ ಹಚ್ಚಿ ಬೆಳೆಸಿದ್ದಾರೆ. ಕೆರೆ, ನೆರಳು, ಹಕ್ಕಿ ಎಲ್ಲಾ ಇವೆ. ಆದರೆ ಅರಣ್ಯದ ಜಾಗ ಅಂದ ಮೇಲೆ ಅರಣ್ಯ ಇಲಾಖೆಯವರನ್ನು ಕೇಳಿಯೇ ಒಳಗೆ ಹೋಗಬೇಕು. ಬೀಡಿ, ಸಿಗರೇಟು ಬೇಡವೇ ಬೇಡ. ಬೇಸಿಗೆಯಲ್ಲಿ ಒಂದು ಕಿಡಿ ಬಿದ್ದರೂ ವರ್ಷಗಳ ದುಡಿಮೆ ಸುಟ್ಟು ಹೋಗುತ್ತದೆ.

ಡೋಣಿ ದಂಡೆ: ನಗರದಿಂದ ಬಬಲೇಶ್ವರ ಕಡೆ ಹೊರಟರೆ ಸಾರವಾಡ ಹತ್ತಿರ ಡೋಣಿ ಸಿಗುತ್ತದೆ. ಮಹಾರಾಷ್ಟ್ರದ ಜತ್ತ ಭಾಗದಲ್ಲಿ ಹುಟ್ಟಿ, ಜಿಲ್ಲೆ ದಾಟಿ ಕೃಷ್ಣೆ ಸೇರುವ ಹೊಳೆ ಇದು. ನೀರು ಸವುಳು, ಕುಡಿಯಲು ಬರೋದಿಲ್ಲ. ದಂಡೆಯ ನೆಲ ಮಾತ್ರ ಬಂಗಾರ. ಡೋಣಿ ಬೆಳೆದರೆ ಓಣಿಗೆಲ್ಲಾ ಕಾಳು ಅಂತ ಹಿರಿಯರು ಅನ್ನೋದು ಇದಕ್ಕೇ. ಬಿಳಿಜೋಳ, ಕಡಲೆ ನಿಂತಾಗ ಈ ಬಂಡಿ ದಾರಿಗಳಲ್ಲಿ ಹೋಗೋದೇ ಒಂದು ಸುಖ.

ಮಮದಾಪುರ: ಬಬಲೇಶ್ವರ ತಾಲ್ಲೂಕಿನ ಮಮದಾಪುರದಲ್ಲಿ ಮೊಹಮ್ಮದ್ ಆದಿಲ್‌ಶಾಹಿ ಕಾಲದ, ಅಂದರೆ 17ನೇ ಶತಮಾನದ ಕೆರೆಗಳಿವೆ. ಹಿಂದೆ ಬೇಸಿಗೆ ಬಂತಂದ್ರೆ ಒಣಗುತ್ತಿದ್ದವು. ಏತ ನೀರಾವರಿಯಿಂದ ನೀರು ತುಂಬಿಸಿದ ಮೇಲೆ ಚಿತ್ರ ಬದಲಾಗಿದೆ. ಪಕ್ಕದಲ್ಲೇ ಸಾವಿರ ಎಕರೆಗೂ ಮೀರಿದ ಅರಣ್ಯ ಪ್ರದೇಶ. ಕೆರೆ, ಕಾಡು ಎರಡೂ ಒಂದೇ ಕಡೆ. ನಗರದಿಂದ ಹೋಗಿ ಬರಲು 70 ಕಿ.ಮೀ ಮೇಲಾಗುತ್ತದೆ, ರೂಢಿ ಇದ್ದವರಿಗೆ ಮಾತ್ರ.

ಕೃಷ್ಣಾ ಹಿನ್ನೀರು: ಜಿಲ್ಲೆಗೆ ಸಮುದ್ರ ಇಲ್ಲ. ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ ಇರೋ ದಾರಿ ನೋಡಬೇಕಂದ್ರೆ ಉಡುಪಿ ಜಿಲ್ಲೆಯ ಮರವಂತೆಗೇ ಹೋಗಬೇಕು. ಆದರೆ ಆಲಮಟ್ಟಿ ಜಲಾಶಯ ತುಂಬಿದಾಗ ಕೊಲ್ಹಾರ, ದೇವರಗೆಣ್ಣೂರ ಭಾಗದಲ್ಲಿ ನಿಂತು ನೋಡಿದರೆ ಆಚೆ ದಂಡೆ ಮಸುಕಾಗಿ ಕಾಣುತ್ತದೆ. ನಮ್ಮ ಪಾಲಿನ ಕಡಲ ತೀರ ಇದೇ. ಬೇಸಿಗೆಗೆ ನೀರು ಸರಿದಾಗ ಬಯಲಾಗುವ ರಾಡಿ ನೆಲಕ್ಕೆ ಸೈಕಲ್ ಇಳಿಸಬೇಡಿ. ಮೇಲೆ ಪದರು ಒಣಗಿದಂತೆ ಕಾಣುತ್ತದೆ, ಕೆಳಗೆ ಕೆಸರು ಇರುತ್ತದೆ.

ಎರಿ ಮಣ್ಣಿನ ಲೆಕ್ಕ

ನಮ್ಮ ಹಾದಿಗೆ ಹೊರಗಿನ ಪುಸ್ತಕದ ಲೆಕ್ಕ ನಡೆಯೋದಿಲ್ಲ. ಎರಿ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಒಂದು ದೊಡ್ಡ ಮಳೆಯಾದರೆ ನೂರು ಮೀಟರ್ ಹೋಗುವಷ್ಟರಲ್ಲಿ ಗಾಲಿಗೆ ಮಣ್ಣು ಸುತ್ತಿ, ಬ್ರೇಕ್ ಸಿಕ್ಕಿಕೊಂಡು, ಸೈಕಲ್ ಹೆಗಲ ಮೇಲೆ ಬರುತ್ತದೆ. ಒತ್ತಿ ಓಡಿಸಿದರೆ ಗೇರ್ ಮುರಿಯುತ್ತದೆ, ಬಂಡಿ ದಾರಿಯೂ ಹಾಳಾಗುತ್ತದೆ. ಹಾಗಾಗಿ ಮಳೆ ಬಿದ್ದ ಮೇಲೆ ಎರಿ ದಾರಿಗೆ ಕನಿಷ್ಠ ಮೂರು-ನಾಲ್ಕು ದಿನ ಬಿಸಿಲು ಬೇಕು. ಗರಸಿನ ದಾರಿಗೆ ಒಂದು ದಿನ ಸಾಕು.

ಒಳ್ಳೆ ಹಂಗಾಮು ಅಂದ್ರೆ ದೀಪಾವಳಿಯಿಂದ ಶಿವರಾತ್ರಿ ತನಕ. ಎಳ್ಳ ಅಮಾವಾಸ್ಯೆ ಹೊತ್ತಿಗೆ ಹೊಲ ಹಸಿರು, ಹಾದಿ ಗಟ್ಟಿ, ಗಾಳಿ ತಂಪು. ಮಾರ್ಚ್ ದಾಟಿದ ಮೇಲೆ ಬೆಳಗ್ಗೆ 9ರೊಳಗೆ ಮನೆ ಸೇರಬೇಕು. 40 ಡಿಗ್ರಿ ಬಿಸಿಲಲ್ಲಿ ನೆರಳಿಲ್ಲದ ದಾರಿ ಹಿಡಿದರೆ ಜೀವಕ್ಕೇ ಕುತ್ತು.

ಇನ್ನೊಂದು ಕಾಟ ಮುಳ್ಳು. ಜಾಲಿ ಮುಳ್ಳು, ನೆಗ್ಗಿನ ಮುಳ್ಳು ಇಲ್ಲದ ಹಾದಿ ನಮ್ಮಲ್ಲಿ ಕಮ್ಮಿ. ಎರಡು ಟ್ಯೂಬ್, ಸಣ್ಣ ಪಂಪ್, ಪ್ಯಾಚ್ ಇಲ್ಲದೆ ಹೊರಡಬಾರದು. ಟ್ಯೂಬ್‌ಲೆಸ್ ಟೈರಿಗೆ ಸೀಲಂಟ್ ಹಾಕಿಸಿದರೆ ಸಣ್ಣ ಮುಳ್ಳಿನ ತೂತು ತಾನೇ ಮುಚ್ಚಿಕೊಳ್ಳುತ್ತದೆ.

ಈ ಎರಡು ಕಡೆ ಹುಷಾರು

ಒಂದು, ಡೋಣಿ. ಇಲ್ಲಿ ಬಿಸಿಲಿದ್ದರೂ ಮೇಲಿನ ಭಾಗದಲ್ಲಿ ಮಳೆಯಾದರೆ ಹೊಳೆ ಏಕಾಏಕಿ ಏರುತ್ತದೆ. ತಗ್ಗಿನ ಸೇತುವೆ ಮೇಲೆ ನೀರು ಹರಿಯುತ್ತಿದ್ದರೆ ಮೊಣಕಾಲು ಮಟ್ಟ ಇದ್ದರೂ ದಾಟಬಾರದು. ಸೈಕಲ್ ಹಿಡಿದವನನ್ನು ನೀರು ಸುಲಭವಾಗಿ ಎಳೆಯುತ್ತದೆ.

ಎರಡು, ಕಾಲುವೆ. ಮುಳವಾಡ, ತುಬಚಿ-ಬಬಲೇಶ್ವರ ಏತ ನೀರಾವರಿ ಕಾಲುವೆಗಳ ಪಕ್ಕದ ದಾರಿ ನೋಡಲು ಬಹಳ ಚಂದ. ನೇರ, ಗಟ್ಟಿ, ಗಾಡಿ ಕಮ್ಮಿ. ಆದರೆ ಅದು ನಿಗಮದ ನಿರ್ವಹಣೆಗೆ ಮಾಡಿದ ದಾರಿ, ಆಟದ ಮೈದಾನ ಅಲ್ಲ. ಕಾಂಕ್ರೀಟ್ ಇಳಿಜಾರಿಗೆ ಪಾಚಿ ಕಟ್ಟಿರುತ್ತದೆ. ಈಜು ಬರುವವನೂ ಬಿದ್ದರೆ ಮೇಲೆ ಹತ್ತೋದು ಕಷ್ಟ. ಮಕ್ಕಳನ್ನು ಅಲ್ಲಿಗೆ ಒಂಟಿಯಾಗಿ ಕಳಿಸಲೇಬೇಡಿ. ದೊಡ್ಡವರು ಹೋದರೂ ಇಬ್ಬರಾದರೂ ಇರಬೇಕು, ನೀರಿನ ಬದಿ ಬಿಟ್ಟು ಆಚೆ ಬದಿ ಹಿಡೀಬೇಕು. ಏನಾದರೂ ಆದರೆ 112 ಅಥವಾ 108ಕ್ಕೆ ಕರೆ ಮಾಡಿ.

ದಾರಿ ಯಾರದ್ದು?

ಗ್ರಾಮ ನಕಾಶೆಯಲ್ಲಿ ಇರುವ ದಾರಿ ಸಾರ್ವಜನಿಕರದ್ದು. ಒಬ್ಬ ರೈತ ತನ್ನ ಹೊಲದಲ್ಲಿ ಅನುಕೂಲಕ್ಕೆ ಬಿಟ್ಟುಕೊಂಡ ಹಾದಿ ಅವನದ್ದು. ಎರಡೂ ನೋಡಲು ಒಂದೇ ಥರ ಇರುತ್ತವೆ, ಅದಕ್ಕೇ ಕೇಳಿ ಹೋಗಬೇಕು. 'ಕಾಕಾ, ಹೀಂಗ ಹೋಗಬಹುದೇನ್ರಿ?' ಅಂದ್ರೆ ಬೇಡ ಅನ್ನೋರು ಕಮ್ಮಿ. ಬೆಳೆ ತುಳಿಯೋದು, ದ್ರಾಕ್ಷಿ ಪಡದೊಳಗೆ ನುಗ್ಗಿ ಫೋಟೋ ಹೊಡೆಯೋದು, ಪ್ಲಾಸ್ಟಿಕ್ ಬಾಟಲಿ ಒಗೆದು ಬರೋದು ಮಾಡಿದರೆ ಮುಂದಿನವರಿಗೆ ಬೇಲಿ ಬೀಳುತ್ತದೆ. ಎತ್ತು, ಕುರಿ ಎದುರಾದರೆ ಸೈಕಲ್ ಇಳಿದು ನಿಲ್ಲಬೇಕು.

ನಕಾಶೆ ದಾರಿಗಳು ಹಲವು ಕಡೆ ಒತ್ತುವರಿಯಾಗಿ ಕಿರಿದಾಗುತ್ತಿವೆ. ಇದು ಸೈಕಲ್ಲಿನವರ ಕಷ್ಟ ಮಾತ್ರ ಅಲ್ಲ. ಕಬ್ಬಿನ ಗಾಡಿ, ರಾಶಿ ಮಷಿನ್, ಶಾಲೆ ಮಕ್ಕಳು ಎಲ್ಲರಿಗೂ ಅದೇ ದಾರಿ ಬೇಕು. ನಾಲ್ಕು ಮಂದಿ ನಿತ್ಯ ಓಡಾಡುವ ದಾರಿಯನ್ನು ಒತ್ತೋದು ಕಷ್ಟ, ಯಾರೂ ಹೋಗದ ದಾರಿ ಎರಡು ಮಳೆಗೆ ಹೊಲ ಸೇರುತ್ತದೆ.

ಅಂಗಡಿಯವರಿಗೆ ಏನು ಲಾಭ?

ಕಾರಿನಲ್ಲಿ ಬಂದವರು ಗೋಳಗುಮ್ಮಟ ನೋಡಿ, ಊಟ ಮಾಡಿ ಹೋಗಿಬಿಡುತ್ತಾರೆ. ಸೈಕಲ್ಲಿನವರು ಹಾಗಲ್ಲ, ಹತ್ತಿಪ್ಪತ್ತು ಕಿ.ಮೀ.ಗೊಮ್ಮೆ ನಿಲ್ಲಲೇಬೇಕು. ನೀರು, ಚಹಾ, ಬಾಳೆಹಣ್ಣು, ಶೇಂಗಾ ಉಂಡಿ, ಮಿರ್ಚಿ ಬೇಕು. ಮಧ್ಯಾಹ್ನವಾದರೆ ಖಾನಾವಳಿಯ ಬಿಸಿ ರೊಟ್ಟಿ ಬೇಕು. ತಿಕೋಟಾದ ಒಣದ್ರಾಕ್ಷಿಯನ್ನು ಕಾಲು ಕಿಲೋ ಪೊಟ್ಟಣ ಕಟ್ಟಿ ಇಟ್ಟರೆ ಸವಾರರ ಕಿಸೆಯಲ್ಲಿ ಹಿಡಿಯುತ್ತದೆ, ಬಿಸಿಲಿಗೆ ಕೆಡೋದಿಲ್ಲ, ಶಕ್ತಿಯೂ ಬರುತ್ತದೆ. ಪಂಕ್ಚರ್ ಅಂಗಡಿಯವರು ಅಗಲ ಟೈರಿನ ನಾಲ್ಕು ಟ್ಯೂಬ್, ಸಣ್ಣ ಬಾಯಿಯ ವಾಲ್ವಿಗೆ ಹಿಡಿಯುವ ಒಂದು ಅಡಾಪ್ಟರ್ ಇಟ್ಟುಕೊಂಡರೆ ಸಾಕು. ಹೆಣ್ಣುಮಕ್ಕಳೂ ಬರಬೇಕಂದ್ರೆ ಸ್ವಚ್ಛ ಶೌಚಾಲಯ ಇರಬೇಕು. ಅದೊಂದು ಇಲ್ಲದ ಊರಲ್ಲಿ ಯಾರೂ ನಿಲ್ಲೋದಿಲ್ಲ.

ಇದಕ್ಕೆ ಕೋಟಿಗಟ್ಟಲೆ ಅನುದಾನ ಬೇಕಿಲ್ಲ. ದಾರಿಗೆ ದಪ್ಪ ಕಡಿ ಹಾಕಿ ತಿಂಗಳುಗಟ್ಟಲೆ ಹಾಗೇ ಬಿಡುವ ಬದಲು, ಗರಸು ಹಾಕಿ, ನೀರು ಹೊಡೆದು, ರೋಲರ್ ತಿರುಗಿಸಿದರೆ ಬಂಡಿಗೂ ಸೈಕಲ್ಲಿಗೂ ಹಿತ. ಹಳ್ಳ ದಾಟುವಲ್ಲಿ ನೀರಿನ ಮಟ್ಟ ತೋರಿಸುವ ಒಂದು ಕಲ್ಲು, ಕವಲು ದಾರಿಯಲ್ಲಿ ಊರ ಹೆಸರಿನ ಫಲಕ, ಕಾಲುವೆ ಬದಿ ಒಂದು ಎಚ್ಚರಿಕೆ ಬೋರ್ಡು ಇದ್ದರೆ ಬಹಳ ಆಯಿತು. ಮುಂದಿನ ಗ್ರಾಮಸಭೆಯಲ್ಲಿ ನಿಮ್ಮೂರಿನ ಯಾವ ನಕಾಶೆ ದಾರಿ ತೆರೆದಿದೆ, ಯಾವುದು ಮುಚ್ಚಿದೆ ಅಂತ ಕೇಳಿ ಬರೆಸಿ. ಹುಡುಗರು ಹೆದ್ದಾರಿ ಬಿಟ್ಟು ಒಳಗೆ ಬರಬೇಕಂದ್ರೆ, ಒಳಗೆ ದಾರಿ ಇರಬೇಕಲ್ಲ?