ಕೊಡವ ಕೌಟುಂಬಿಕ ಹಾಕಿ ಉತ್ಸವ

ಕೊಡವ ಕೌಟುಂಬಿಕ ಹಾಕಿ ಉತ್ಸವವು ಕರ್ನಾಟಕದ ಕೊಡಗು ಜಿಲ್ಲೆಯಲ್ಲಿ ಬೇಸಿಗೆಯ ದಿನಗಳಲ್ಲಿ ನಡೆಯುವ ವಾರ್ಷಿಕ ಹಾಕಿ ಪಂದ್ಯಾವಳಿ. ಕ್ಲಬ್ಬು, ಕಾಲೇಜು, ಇಲಾಖೆಗಳ ತಂಡಗಳಿಗೆ ಇದರಲ್ಲಿ ಪ್ರವೇಶವಿಲ್ಲ. ಕೊಡವ ಸಮುದಾಯದ ಒಂದೊಂದು ಕುಟುಂಬವೂ ತನ್ನ ಮನೆತನದ ಹೆಸರಿನಲ್ಲಿ ಒಂದು ತಂಡವನ್ನು ಇಳಿಸುತ್ತದೆ. ವರ್ಷಕ್ಕೊಂದು ಕುಟುಂಬ ಆತಿಥ್ಯ ವಹಿಸುತ್ತದೆ. ಆ ವರ್ಷದ ಪ್ರಶಸ್ತಿಗೆ ಆ ಕುಟುಂಬದ ಹೆಸರೇ ಇರುತ್ತದೆ. 1997ರಲ್ಲಿ 60 ತಂಡಗಳಿಂದ ಆರಂಭವಾದ ಉತ್ಸವದಲ್ಲಿ 2025ರ ಹೊತ್ತಿಗೆ 396 ಕುಟುಂಬಗಳು ಹೆಸರು ನೋಂದಾಯಿಸಿದ್ದವು.

ಒಕ್ಕ ಮತ್ತು ಮನೆಹೆಸರು

ಪಂದ್ಯಾವಳಿಯ ಸ್ವರೂಪ ಅರ್ಥವಾಗಬೇಕಾದರೆ 'ಒಕ್ಕ' ಎಂಬ ಪದವನ್ನು ತಿಳಿಯಬೇಕು. ಒಬ್ಬ ಮೂಲಪುರುಷನಿಂದ ತಂದೆಯ ಕಡೆಯಿಂದ ಬೆಳೆದುಬಂದ ಬಳಗಕ್ಕೆ ಕೊಡವರು ಒಕ್ಕ ಎನ್ನುತ್ತಾರೆ. ಗಂಡ, ಹೆಂಡತಿ, ಮಕ್ಕಳಷ್ಟೇ ಇರುವ ಇಂದಿನ ಸಣ್ಣ ಸಂಸಾರ ಇದಲ್ಲ. ಹತ್ತಾರು ಮನೆಗಳಾಗಿ ಒಡೆದು ಬೇರೆ ಬೇರೆ ಊರುಗಳಲ್ಲಿ ನೆಲೆಸಿದವರೆಲ್ಲರೂ ಒಂದೇ ಒಕ್ಕದವರು. ಒಕ್ಕಕ್ಕೆ ಮೂಲಸ್ಥಾನವಾದ ಐನ್‌ಮನೆ ಇರುತ್ತದೆ, ಪೂಜಿಸಲ್ಪಡುವ ಗುರುಕಾರಣನಿರುತ್ತಾನೆ. ಒಂದೇ ಒಕ್ಕದೊಳಗೆ ಮದುವೆ ಸಂಬಂಧ ನಿಷಿದ್ಧ.

ಒಕ್ಕದ ಹೆಸರು ವ್ಯಕ್ತಿಯ ಹೆಸರಿಗಿಂತ ಮೊದಲು ಬರುವುದು ವಾಡಿಕೆ. ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಮತ್ತು ಜನರಲ್ ಕೆ.ಎಸ್. ತಿಮ್ಮಯ್ಯ ಇವರಿಬ್ಬರ ಹೆಸರಿನ ಮೊದಲ 'ಕೆ' ಕೊಡಂದೇರ ಎಂಬ ಮನೆತನವನ್ನು ಸೂಚಿಸುತ್ತದೆ. ಹೊರಗಿನವರ ಕಣ್ಣಿಗೆ ಅದು ಕೇವಲ ಒಂದಕ್ಷರ. ಕೊಡಗಿನಲ್ಲಾದರೋ ಇಬ್ಬರು ಅಪರಿಚಿತರು ಭೇಟಿಯಾದಾಗ ಮೊದಲು ವಿಚಾರಿಸುವುದೇ ಆ ಅಕ್ಷರದ ಹಿಂದಿರುವ ಹೆಸರನ್ನು. ಉತ್ಸವದ ಅಂಕಪಟ್ಟಿಯಲ್ಲಿ ಕಾಣುವುದೂ ಇವೇ ಹೆಸರುಗಳು: 'ಅಂಡ', 'ಇರ', 'ಅಡ' ಎಂದು ಕೊನೆಗೊಳ್ಳುವ ನೂರಾರು ಮನೆತನಗಳು.

ಆರಂಭ

ಉತ್ಸವದ ಸ್ಥಾಪಕರು ಪಾಂಡಂಡ ಕುಟ್ಟಪ್ಪ. 'ಕುಟ್ಟಣಿ' ಎಂದು ಪರಿಚಿತರಾಗಿದ್ದ ಅವರು ಬ್ಯಾಂಕ್ ಉದ್ಯೋಗದಲ್ಲಿದ್ದವರು, ಹಾಕಿಯ ತೀರ್ಪುಗಾರಿಕೆಯನ್ನೂ ಬಲ್ಲವರು. ಉದ್ಯೋಗ ಮತ್ತು ಸೇನಾಸೇವೆಯ ನಿಮಿತ್ತ ದೇಶದ ನಾನಾ ಭಾಗಗಳಿಗೆ ಚದುರಿಹೋದ ಕುಟುಂಬಗಳ ಮಂದಿ ಮದುವೆ, ಮರಣಗಳ ಹೊರತು ಒಂದೆಡೆ ಸೇರುವುದು ಅಪರೂಪವಾಗಿತ್ತು. ಸಭೆ ಕರೆದರೆ ಹಿರಿಯರು ಮಾತ್ರ ಬರುತ್ತಾರೆ. ಆಟವಿಟ್ಟರೆ ಮಕ್ಕಳು ಬರುತ್ತಾರೆ, ಮಕ್ಕಳ ಹಿಂದೆ ಮನೆಯವರೆಲ್ಲ ಬರುತ್ತಾರೆ. ಕುಟ್ಟಪ್ಪನವರ ಯೋಜನೆಯ ಬಲವಿದ್ದುದು ಈ ಸರಳ ಲೆಕ್ಕಾಚಾರದಲ್ಲಿ ಎನ್ನಬಹುದು. 1997ರಲ್ಲಿ ವಿರಾಜಪೇಟೆ ಸಮೀಪದ ಕರಡದಲ್ಲಿ ಪಾಂಡಂಡ ಕುಟುಂಬವೇ ಮುಂದೆ ನಿಂತು ಮೊದಲ ಪಂದ್ಯಾವಳಿಯನ್ನು ನಡೆಸಿತು. ಮರುವರ್ಷ ಕೋಡಿರ ಕುಟುಂಬ ಹೊಣೆ ಹೊತ್ತಿತು. ಅಲ್ಲಿಂದ ಮುಂದೆ ಆತಿಥ್ಯ ಒಂದು ಮನೆತನದಿಂದ ಇನ್ನೊಂದಕ್ಕೆ ಸಾಗುತ್ತ ಬಂದಿದೆ.

ಹಾಕಿಯನ್ನೇ ಆರಿಸಿಕೊಂಡದ್ದಕ್ಕೆ ವಿಶೇಷ ವಿವರಣೆ ಬೇಕಿಲ್ಲ. ಬ್ರಿಟಿಷರ ಕಾಲದಲ್ಲಿ ಶಾಲೆ ಮತ್ತು ಸೈನ್ಯಗಳ ಮೂಲಕ ಬಂದ ಈ ಆಟ ಕೊಡಗಿನ ಮಣ್ಣಿಗೆ ಬೇಗ ಹೊಂದಿಕೊಂಡಿತು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚಿನ ಪದಕ ಗೆದ್ದ ಭಾರತ ತಂಡದಲ್ಲಿದ್ದ ಎಂ.ಪಿ. ಗಣೇಶ್ ಮತ್ತು ಬಿ.ಪಿ. ಗೋವಿಂದ, 1980ರ ಮಾಸ್ಕೋ ಒಲಿಂಪಿಕ್ಸ್‌ನ ಚಿನ್ನದ ತಂಡದ ಎಂ.ಎಂ. ಸೋಮಯ್ಯ ಕೊಡಗಿನವರು. ಸೋಮಯ್ಯನವರ ಮನೆಯಪಂಡ ಕುಟುಂಬವೂ ಒಂದು ವರ್ಷ ಉತ್ಸವದ ಆತಿಥ್ಯ ವಹಿಸಿದೆ.

ಪಂದ್ಯಾವಳಿಯ ಕ್ರಮ

ಪಂದ್ಯಗಳು ನಾಕೌಟ್ ಕ್ರಮದಲ್ಲಿ ನಡೆಯುತ್ತವೆ. ಸೋತ ತಂಡ ಆ ವರ್ಷದ ಮಟ್ಟಿಗೆ ಹೊರಗುಳಿಯುತ್ತದೆ. ಹೊರಗಿನ ಆಟಗಾರರನ್ನು ಸೇರಿಸಿಕೊಳ್ಳುವಂತಿಲ್ಲ ಎಂಬುದು ಎಲ್ಲಕ್ಕಿಂತ ಮುಖ್ಯವಾದ ನಿಯಮ. ಎಷ್ಟೇ ಹಣವಿದ್ದರೂ ಆಟಗಾರನನ್ನು ಕೊಂಡು ತರಲು ಬರುವುದಿಲ್ಲ. ಇರುವವರಲ್ಲೇ ಹನ್ನೊಂದು ಮಂದಿಯನ್ನು ಹೊಂದಿಸಬೇಕು. ದೊಡ್ಡ ಒಕ್ಕಗಳಿಗೆ ಇದು ಆಯ್ಕೆಯ ತಲೆನೋವು, ಸಣ್ಣ ಒಕ್ಕಗಳಿಗೆ ಸಂಖ್ಯೆಯ ತಲೆನೋವು. ಹೀಗಾಗಿ ಹತ್ತು ವರ್ಷದ ಬಾಲಕನೂ ಅರವತ್ತು ದಾಟಿದ ಅಜ್ಜನೂ ಒಂದೇ ತಂಡದಲ್ಲಿ ಕಾಣಿಸಿಕೊಳ್ಳುತ್ತಾರೆ. ಹೆಣ್ಣುಮಕ್ಕಳು ಗಂಡಸರೊಡನೆ ಅದೇ ತಂಡದಲ್ಲಿ, ಅದೇ ಪಂದ್ಯದಲ್ಲಿ ಆಡುತ್ತಾರೆ. ತಾಯಿ ಗೋಲು ಕಾಯುವಾಗ ಮಗ ಮುನ್ಪಡೆಯಲ್ಲಿ ಓಡುವುದು ಇಲ್ಲಿ ಆಶ್ಚರ್ಯದ ಸಂಗತಿಯಲ್ಲ.

ಇದೇ ನಿಯಮದ ಇನ್ನೊಂದು ಪರಿಣಾಮವೆಂದರೆ ಹವ್ಯಾಸಿಗೂ ಅಂತಾರಾಷ್ಟ್ರೀಯ ಆಟಗಾರನಿಗೂ ನಡುವೆ ಗೆರೆ ಇಲ್ಲದಿರುವುದು. ದೇಶದ ಪರ ಆಡಿದವರು ತಮ್ಮ ಒಕ್ಕದ ಅಂಗಿ ತೊಟ್ಟು, ವರ್ಷಕ್ಕೊಮ್ಮೆ ಮಾತ್ರ ಕೋಲು ಹಿಡಿಯುವ ಕಾಫಿ ಬೆಳೆಗಾರರ ಎದುರು ನಿಂತದ್ದುಂಟು. ಇಂಥ ಪಂದ್ಯಗಳಲ್ಲಿ ಗೋಲುಗಳ ಅಂತರ ಅತಿಯಾಗುವುದು ಸಹಜ. ಆಟದ ಗುಣಮಟ್ಟವನ್ನಷ್ಟೇ ಅಳೆಯುವವರಿಗೆ ಮೊದಲ ಸುತ್ತುಗಳು ನೀರಸವೆನಿಸಬಹುದು. ಆದರೆ ಆ ಸುತ್ತುಗಳಲ್ಲಿ ಆಡುವ ಬಹುತೇಕ ಕುಟುಂಬಗಳು ಪ್ರಶಸ್ತಿಯ ಆಸೆಯಿಂದ ಬಂದವುಗಳಲ್ಲ. ತಮ್ಮ ಮನೆಹೆಸರನ್ನು ಒಮ್ಮೆ ಧ್ವನಿವರ್ಧಕದಲ್ಲಿ ಕೇಳಬೇಕು, ಪಟ್ಟಿಯಲ್ಲಿ ಅದು ತಪ್ಪಿಹೋಗಬಾರದು ಎಂಬುದೇ ಅವುಗಳ ಮುಖ್ಯ ಆಸಕ್ತಿ. ಪಂದ್ಯದ ವೀಕ್ಷಕ ವಿವರಣೆ ಕೊಡವ ತಕ್ಕ್‌ನಲ್ಲಿ ನಡೆಯುತ್ತದೆ. ನಗರಗಳಲ್ಲಿ ಬೆಳೆದ ಮಕ್ಕಳು ತಮ್ಮ ಭಾಷೆಯನ್ನು ಮನೆಯ ಹೊರಗೆ, ಸಾರ್ವಜನಿಕವಾಗಿ ಇಷ್ಟು ಹೊತ್ತು ಕೇಳುವ ಸಂದರ್ಭಗಳು ಹೆಚ್ಚಿಲ್ಲ.

ಉದ್ಘಾಟನೆಯಂದು ಕುಪ್ಯಚೇಲೆ ತೊಟ್ಟ ಗಂಡಸರು, ಕೊಡವ ಶೈಲಿಯ ಸೀರೆಯುಟ್ಟ ಹೆಂಗಸರು ವಾಲಗದೊಂದಿಗೆ ಮೈದಾನಕ್ಕೆ ಬರುತ್ತಾರೆ. ಕೋವಿಯಿಂದ ಗಾಳಿಯಲ್ಲಿ ಗುಂಡು ಹಾರಿಸುವುದೂ ಉಂಟು. ಕೊನೆಯ ದಿನ ಉತ್ಸವದ ಧ್ವಜವನ್ನು ಮುಂದಿನ ವರ್ಷದ ಆತಿಥೇಯ ಕುಟುಂಬಕ್ಕೆ ಒಪ್ಪಿಸಲಾಗುತ್ತದೆ.

ಕಾಲ ಮತ್ತು ಸ್ಥಳ

ಪಂದ್ಯಗಳು ಸಾಮಾನ್ಯವಾಗಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ನಡೆಯುತ್ತವೆ. ಶಾಲೆಗಳ ಬೇಸಿಗೆ ರಜೆ ಇದಕ್ಕೆ ಒಂದು ಕಾರಣ. ಇನ್ನೊಂದು ಕಾರಣ ಕಾಫಿ. ಉತ್ತರದಲ್ಲಿ ಕೊಡಗಿಗೆ ತಾಗಿಕೊಂಡಿರುವ ಹೆತ್ತೂರು, ಸಕಲೇಶಪುರದ ಮಲೆನಾಡಿನಲ್ಲಿರುವಂತೆ ಇಲ್ಲಿಯೂ ಚಳಿಗಾಲವೆಲ್ಲ ಕಾಫಿ ಕೊಯ್ಲಿನಲ್ಲಿ ಕಳೆಯುತ್ತದೆ, ಜೂನ್ ಹಿಡಿದರೆ ಮಳೆ ಬಿಡುವುದಿಲ್ಲ. ಇವೆರಡರ ನಡುವೆ ತೋಟದವರಿಗೆ ಸಿಗುವ ಬಿಡುವು ಇದೇ. ಆ ಬಿಡುವಿನಲ್ಲೂ ಹೂಮಳೆ ಬಿದ್ದರೆ ತೋಟಕ್ಕೆ ಒಳ್ಳೆಯದು, ಮೈದಾನಕ್ಕೆ ಕೆಟ್ಟದ್ದು. ಒಬ್ಬನೇ ಮನುಷ್ಯ ಬೆಳೆಗಾರನಾಗಿ ಹಿಗ್ಗಿ ಸಂಘಟಕನಾಗಿ ಕುಗ್ಗುವ ದಿನಗಳವು.

ನಾಪೋಕ್ಲು, ವಿರಾಜಪೇಟೆ, ಪೊನ್ನಂಪೇಟೆ, ಅಮ್ಮತ್ತಿ, ಮಡಿಕೇರಿ ಮುಂತಾದೆಡೆ ಉತ್ಸವಗಳು ನಡೆದಿವೆ. ತಂಡಗಳು ಹೆಚ್ಚಾದಂತೆ ಒಂದೇ ಮೈದಾನ ಸಾಲದಾಯಿತು. 396 ತಂಡಗಳ ನಾಕೌಟ್‌ನಲ್ಲಿ ಒಬ್ಬ ವಿಜೇತನನ್ನು ಕಂಡುಕೊಳ್ಳಲು 395 ಪಂದ್ಯಗಳು ಬೇಕು. ಮೈದಾನ, ಗ್ಯಾಲರಿ, ಊಟ, ತೀರ್ಪುಗಾರರು, ಸುಮಾರು ಒಂದು ತಿಂಗಳ ದುಡಿಮೆ ಇವೆಲ್ಲದರ ಹೊರೆ ಆತಿಥೇಯ ಕುಟುಂಬದ ಮೇಲೆ ಬೀಳುತ್ತದೆ. ಕೆಲವು ವರ್ಷ ರಾಜ್ಯ ಸರ್ಕಾರದ ಅನುದಾನ ದೊರೆತಿದೆ, ದಾನಿಗಳೂ ನೆರವಾಗುತ್ತಾರೆ. ಆದರೂ ಮನೆಮಂದಿ ಕಡಿಮೆಯಿರುವ ಒಕ್ಕಗಳಿಗೆ ಈ ಗಾತ್ರದ ಆತಿಥ್ಯ ವಹಿಸುವುದು ಸುಲಭವಲ್ಲ. 60 ತಂಡಗಳ ಕಾಲದಲ್ಲಿ ಯಾವ ಒಕ್ಕವೂ ಹೊರಬಹುದಾಗಿದ್ದ ಹೊಣೆ ಬೆಳವಣಿಗೆಯಿಂದಲೇ ದುಬಾರಿಯಾಗಿದೆ. ಉತ್ಸವದ ಮುಂದಿರುವ ನಿಜವಾದ ಸಮಸ್ಯೆ ಇದು.

ವಿರಾಮ ಮತ್ತು ಪುನರಾರಂಭ

1997ರಿಂದ 2018ರವರೆಗೆ ಉತ್ಸವ ಒಂದು ವರ್ಷವೂ ತಪ್ಪಲಿಲ್ಲ. 2018ರಲ್ಲಿ ನಾಪೋಕ್ಲುವಿನಲ್ಲಿ ಕುಲ್ಲೇಟಿರ ಕಪ್ ಮುಗಿದ ಕೆಲವೇ ತಿಂಗಳಲ್ಲಿ, ಆಗಸ್ಟ್‌ನ ಅತಿವೃಷ್ಟಿಯಿಂದ ಕೊಡಗಿನಲ್ಲಿ ಗುಡ್ಡಗಳು ಕುಸಿದು ಜೀವಹಾನಿಯಾಯಿತು. ಮನೆ, ತೋಟ, ಗದ್ದೆಗಳು ಮಣ್ಣುಪಾಲಾದವು. 2019ರ ಉತ್ಸವವನ್ನು ಕೈಬಿಡಲಾಯಿತು. ಅದರ ಬೆನ್ನಿಗೇ ಕೋವಿಡ್ ಬಂದು 2020ರಿಂದ 2022ರವರೆಗೂ ಪಂದ್ಯಗಳು ನಡೆಯಲಿಲ್ಲ.

ಸತತ ನಾಲ್ಕು ವರ್ಷ ನಿಂತ ಇಂಥ ಪಂದ್ಯಾವಳಿ ಮತ್ತೆ ಏಳುವುದು ಕಷ್ಟವೆಂಬ ಶಂಕೆ ಅಸಹಜವಲ್ಲ; ಆಡುವ ಅಭ್ಯಾಸ ತಪ್ಪುತ್ತದೆ, ಒಂದು ತಲೆಮಾರಿನ ಹುಡುಗರು ಬೇರೆಡೆಗೆ ತಿರುಗುತ್ತಾರೆ. ನಡೆದದ್ದು ಬೇರೆ. 2023ರಲ್ಲಿ ನಾಪೋಕ್ಲುವಿನ ಅಪ್ಪಚೆಟ್ಟೋಳಂಡ ಕಪ್‌ಗೆ 336 ಕುಟುಂಬಗಳು ಹೆಸರು ಕೊಟ್ಟವು. 2024ರಲ್ಲಿ ಅಲ್ಲಿಯೇ ನಡೆದ ಕುಂಡ್ಯೋಳಂಡ ಕಪ್‌ನಲ್ಲಿ 360 ತಂಡಗಳಿದ್ದವು; ಹಿಂದೆ ಲಿಮ್ಕಾ ದಾಖಲೆ ಪುಸ್ತಕ ಸೇರಿದ್ದ ಉತ್ಸವ, ಈ ಪಂದ್ಯಾವಳಿಯಿಂದ ಅತಿ ದೊಡ್ಡ ಹಾಕಿ ಪಂದ್ಯಾವಳಿಯೆಂದು ಗಿನ್ನೆಸ್ ದಾಖಲೆಗೂ ಸೇರಿತು. 25ನೆಯ ಉತ್ಸವವಾದ ಮುದ್ದಂಡ ಕಪ್ 2025ರಲ್ಲಿ ಮಡಿಕೇರಿಯಲ್ಲಿ ನಡೆಯಿತು.

ಇತರ ಪಂದ್ಯಾವಳಿಗಳು

ಹಾಕಿ ಉತ್ಸವದ ಮಾದರಿಯನ್ನು ಜಿಲ್ಲೆಯ ಇತರರೂ ಅನುಸರಿಸಿದ್ದಾರೆ. ಕೊಡವ ಕುಟುಂಬಗಳ ನಡುವೆಯೇ ಕ್ರಿಕೆಟ್ ಪಂದ್ಯಾವಳಿಗಳು ನಡೆಯುತ್ತವೆ. ಅರೆಭಾಷೆ ಗೌಡ ಕುಟುಂಬಗಳು ತಮ್ಮ ಮನೆತನಗಳ ಹೆಸರಿನಲ್ಲಿ ಕ್ರಿಕೆಟ್ ಆಡುತ್ತವೆ. ಅಲ್ಲಿಯೂ ತಂಡದ ಅಂಗಿಯ ಮೇಲೆ ಕಾಣುವುದು ಮನೆಹೆಸರೇ.